ತೂಬು ಮುಚ್ಚಿದೆ

ಮಳೆ ಬಂದರೆ ನಮ್ಮ ಕಾರ್ಖಾನೆಯಲ್ಲಿ ತೂಬು ತೆಗೆಯುತ್ತಾರೆ. ತೆಗೆಯುವವರು ನಾವು. ತೂಬು ಮುಚ್ಚಿದೆ ಎಂದು ಬೆಳಿಗ್ಗೆ ಎಲ್ಲರೆದುರು ಕೂಗುವವರೂ ನಾವೇ.

ನಾವು ಅಂದರೆ ಇಬ್ಬರು, ಶಿಗೆನೊ ಎಂಬ ನಾನು ಮತ್ತು ಕಿನುಯೆ ಅಕ್ಕ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ಪಕ್ಕದ ಮನೆಯವಳು. ಕೆಳಕೇರಿಯಲ್ಲಿ ತನಗಿಂತ ದೊಡ್ಡ ಹೆಂಗಸರೆಲ್ಲ ಅಕ್ಕಂದಿರೇ. ತೊರೆ ಹೋಗಿ ಸಮುದ್ರಕ್ಕೆ ಬೀಳುವ ಕಡೆ ನಮ್ಮ ಕೇರಿ. ತೊರೆಯ ಮೇಲಿನ ತಿರುವಿನಲ್ಲಿ ಕಾರ್ಖಾನೆ. ಅದರಾಚೆ ದಿನ್ನೆಯ ಮೇಲೆ ಊರು.

ನಲ್ಲಿ, ಬಾಗಿಲ ಹಿಡಿ, ಕಾರಿನ ಅಂಚುಪಟ್ಟಿ ಇವೆಲ್ಲ ಕನ್ನಡಿಯ ಹಾಗೆ ಹೊಳೆಯಲಿ ಎಂದು ಕ್ರೋಮಿಯಂ ಹಚ್ಚುವ ಕಾರ್ಖಾನೆ ನಮ್ಮದು. ಮುಂದಿನ ಕಡೆ ಹೊಳಪು, ಹಿಂದಿನ ಕಡೆ ನಾವು. ತೊಳೆದ ನೀರೆಲ್ಲ ಹಳದಿಯಾಗಿ ಹಿಂದಿನ ತೊಟ್ಟಿಗೆ ಬರುತ್ತದೆ. ಅದಕ್ಕೆ ಮದ್ದು ಬೆರೆಸಬೇಕು, ಸುಣ್ಣದ ಮೂಟೆ ಹೊತ್ತು ತಂದು ಸುರಿಯಬೇಕು, ಕದಡಬೇಕು. ತಳದಲ್ಲಿ ಕೂತ ರಾಡಿಯನ್ನು ಹಿಂಡುವ ಯಂತ್ರಕ್ಕೆ ಹಾಕಬೇಕು. ಯಂತ್ರದ ಹಲಗೆಗೆ ಅಂಟಿದ್ದನ್ನು ಕರಣೆಯಲ್ಲಿ ಕೆರೆದು ಚೀಲಕ್ಕೆ ತುಂಬಬೇಕು. ಕೆರೆದು ಕೆರೆದು ಬಲಭುಜ ಎಡಕ್ಕಿಂತ ಕೆಳಗಿಳಿದಿದೆ. ಸಂಜೆ ಬಟ್ಟೆ ಬಿಚ್ಚುವಾಗ ಕೈ ತಲೆಯ ಮೇಲಕ್ಕೆ ಏಳುವುದಿಲ್ಲ. ಗಂಡನೇ ಎಳೆದು ಬಿಚ್ಚಬೇಕು. ಚರ್ಮದ ಕೆಲಸದಲ್ಲಿ ಸೊಂಟ ಕಳಕೊಂಡು ಮನೆಯಲ್ಲಿ ಕೂತ ಗಂಡ ಅವನು. ಇಬ್ಬರ ಹೊಟ್ಟೆಯೂ ನನ್ನ ಈ ಭುಜದ ಮೇಲೇ ನಡೆಯುತ್ತದೆ.

ಕ್ರೋಮಿಯಂ ನೀರು ತಾಗಿದ ಕಡೆ ಸಣ್ಣ ಹುಣ್ಣಾಗುತ್ತದೆ. ಅಗಲವಿಲ್ಲ, ಆಳ. ಗ್ಲೌಸ್ ಹಾಕಿದರೂ ಎಲ್ಲಿಂದಲೋ ಒಳಗೆ ಇಳಿಯುತ್ತದೆ. ಗಾಳಿಯಲ್ಲಿ ಬಂದದ್ದು ಮೂಗು ತಿನ್ನುತ್ತದೆ. ಕಿನುಯೆ ಅಕ್ಕನ ಮೂಗಿನ ನಡುಗೋಡೆಯಲ್ಲಿ ತೂತು ಬಿದ್ದಿದೆ. ಡಾಕ್ಟರು ದೀಪ ಬಿಟ್ಟು ನೋಡಿ, ನೋವಿದೆಯೇ ಎಂದು ಕೇಳಿದರು. ಇಲ್ಲ ಅಂದಳು. ಹಾಗಾದರೆ ತೊಂದರೆಯಿಲ್ಲ ಅಂದರು.

"ನಮ್ಮಜ್ಜ ಎತ್ತು ಸುಲೀತಿದ್ದ" ಎಂದು ಅವಳು ನಗುತ್ತಾಳೆ. "ಆ ಎತ್ತುಗಳೆಲ್ಲ ಸೇರಿ ನನಗೆ ಮೂಗುದಾರ ಹಾಕೋಕೆ ತೂತು ಕೊರೆದಿವೆ ಕಣೇ. ಹಗ್ಗ ಒಂದು ಬಾಕಿ."

ನಮ್ಮ ಕೇರಿಯವರು ಹಿಂದೆ ಎತ್ತು ಸುಲಿದವರು, ತೊಗಲು ಹದ ಮಾಡಿದವರು. ಈಗ ಕಾನೂನಿನಲ್ಲಿ ಅಂಥ ಕೇರಿಯೇ ಇಲ್ಲ. ಎಲ್ಲರೂ ಒಂದೇ. ಆದರೆ ಕೆಲಸ ಕೇಳಲು ಹೋಗಿ ವಿಳಾಸ ಹೇಳಿದ ಕೂಡಲೇ ಎದುರಿನವರ ಮುಖದ ನಗು ಒಂದು ಗಳಿಗೆ ನಿಲ್ಲುತ್ತದೆ. ಆಮೇಲೆ ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ಮಾತಾಡುತ್ತಾರೆ. ಆ ಮರ್ಯಾದೆ ಶುರುವಾದರೆ ಕೆಲಸ ಇಲ್ಲ ಎಂದು ತಿಳಿದು ಎದ್ದು ಬರಬೇಕು. ನಮ್ಮನ್ನು ತೆಗೆದುಕೊಂಡವನು ಗುತ್ತಿಗೆದಾರ ಒಬ್ಬನೇ. ಕಾರ್ಖಾನೆಯ ಸ್ವಂತ ನೌಕರರಿಗೆ ಬಿಳಿ ಟೋಪಿ, ನಮಗೆ ಹಳದಿ. ಅವರಿಗೆ ಕೆಲಸ ಮುಗಿದ ಮೇಲೆ ಬಿಸಿನೀರಿನ ಸ್ನಾನದ ಮನೆ, ನಮಗೆ ಹಿಂದಿನ ಗೋಡೆಯ ನಲ್ಲಿ. ಅವರು ಕ್ಯಾಂಟೀನಿನಲ್ಲಿ ಉಣ್ಣುತ್ತಾರೆ, ನಾವು ಬಾಯ್ಲರಿನ ಹಿಂದೆ. ಅವರಿಗೆ ಹೆಸರಿದೆ. ನಮ್ಮನ್ನು ಅವರು ಗುತ್ತಿಗೆ-ಸಾನ್ ಎಂದು ಕರೆಯುತ್ತಾರೆ. ಸಾನ್ ಅನ್ನುವ ಮರ್ಯಾದೆಯನ್ನು ಮಾತ್ರ ಬಿಡುವುದಿಲ್ಲ. ಬೆಕ್ಕಿಗೂ ಸಾನ್ ಹಚ್ಚುವ ಜನ.

ಬೆಳಿಗ್ಗೆ ರೇಡಿಯೋ ಹಾಡಿಗೆ ಕೈಕಾಲು ಆಡಿಸುವುದು ಮುಗಿದ ಮೇಲೆ ಎಲ್ಲರೂ ಸಾಲು ನಿಲ್ಲುತ್ತೇವೆ. ಒಂದೊಂದು ವಿಭಾಗದಿಂದ ಒಬ್ಬರು ಮುಂದೆ ಬಂದು, ತೋಳು ನೇರ ಚಾಚಿ, ತಮ್ಮ ಜಾಗದ ಕಡೆ ಬೆರಳು ತೋರಿಸಿ ಕೂಗಬೇಕು. "ಆಮ್ಲದ ಕೋಣೆ ಬೀಗ ಹಾಕಿದೆ, ಯೋಶಿ!" ಯೋಶಿ ಅಂದರೆ ಸರಿಯಿದೆ ಎಂದು. ಆಗ ಇಡೀ ಸಾಲು "ಯೋಶಿ!" ಎಂದು ತಿರುಗಿ ಕೂಗುತ್ತದೆ. ಕಣ್ಣು ನೋಡಬೇಕು, ಬೆರಳು ತೋರಿಸಬೇಕು, ಬಾಯಿ ಹೇಳಬೇಕು, ಕಿವಿ ಕೇಳಬೇಕು. ಆಗ ತಪ್ಪಾಗುವುದಿಲ್ಲ ಎಂದು ಸೇರಿದ ದಿನವೇ ಹೇಳಿಕೊಟ್ಟಿದ್ದರು. ರೈಲು ಓಡಿಸುವವರೂ ಹೀಗೇ ಮಾಡುತ್ತಾರೆ. ಇದು ಮೈಗೆ ಹತ್ತಿಬಿಡುತ್ತದೆ. ಕಿನುಯೆ ಅಕ್ಕ ಮನೆಯಲ್ಲಿ ಒಲೆಗೆ ಬೆರಳು ತೋರಿಸಿ "ಗ್ಯಾಸ್ ಆರಿದೆ, ಯೋಶಿ" ಎಂದು ಕೂಗಿಯೇ ಮಲಗುವುದು.

ಕೊನೆಯ ಕೂಗು ತೂಬಿನದು, ಅಂದರೆ ನಮ್ಮದು. ಅದಾದ ಮೇಲೆಯೇ ಮೇಲ್ವಿಚಾರಕ ಕುವಾಬಾರಾ ದೊಡ್ಡ ಸ್ವಿಚ್ಚು ಹಾಕುತ್ತಾನೆ. ವರ್ಷವಿಡೀ ಬಿಳಿ ಟೋಪಿಯವರು ನಮ್ಮ ಬಾಯಿಂದ ಕೇಳುವ ಮಾತು ಅದೊಂದೇ. ಮಳೆಗಾಲದಲ್ಲಿ ಅದೂ ಸುಳ್ಳು.

ಯಾಕೆಂದರೆ ಕಾರ್ಖಾನೆಯ ಮಾಡಿನ ನೀರೆಲ್ಲ ಬಂದು ಬೀಳುವುದು ನಮ್ಮ ತೊಟ್ಟಿಗೇ. ದೊಡ್ಡ ಮಳೆಗೆ ತೊಟ್ಟಿ ತುಂಬುತ್ತದೆ. ತೂಬು ತೆಗೆಯದಿದ್ದರೆ ನೀರು ಮೋರಿಯಲ್ಲಿ ಹಿಂದೆ ನುಗ್ಗಿ, ಕ್ರೋಮಿಯಂ ಹಚ್ಚುವ ಪ್ಲೇಟಿಂಗ್ ಸಾಲಿನ ನೆಲಕ್ಕೆ ಏಳುತ್ತದೆ. ಆದ್ದರಿಂದ ಮೋಡ ಕಟ್ಟಿದ ಕೂಡಲೇ ಕುವಾಬಾರಾ ಬರುತ್ತಾನೆ. ತೂಬಿನ ಕಡೆ ನೋಡುವುದಿಲ್ಲ, ಆಕಾಶ ನೋಡುತ್ತಾನೆ. "ಸ್ವಲ್ಪ ನೋಡ್ಕೊಳ್ಳಿ" ಅನ್ನುತ್ತಾನೆ. ತೆಗೆಯಿರಿ ಎಂದು ಅವನು ಒಂದು ದಿನವೂ ಹೇಳಿದವನಲ್ಲ. ನಾವು ಚಕ್ರ ತಿರುಗಿಸುತ್ತೇವೆ. ಹಳದಿ ನೀರು ತೊರೆಗೆ ಇಳಿದು ನಮ್ಮ ಮನೆಗಳ ಮುಂದೆ ಹರಿದು ಹೋಗುತ್ತದೆ.

ಕುವಾಬಾರಾ ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು.

ಇನ್ನೊಂದು ತೊಟ್ಟಿ ತೋಡಿದರೆ ಮುಗಿಯಿತು. ಇದು ಎಲ್ಲರಿಗೂ ಗೊತ್ತು, ಅಡುಗೆಯವನಿಗೂ ಗೊತ್ತು. ಅದಕ್ಕಿರುವ ಜಾಗ ಬಿಳಿ ಟೋಪಿಯವರು ಕಾರು ನಿಲ್ಲಿಸುವ ಅಂಗಳ ಒಂದೇ, ಅದೂ ಗೊತ್ತು. ಕಾರ್ಖಾನೆಯಲ್ಲಿ ಸುಧಾರಣೆಗೆ ಸಲಹೆ ಹಾಕುವ ಪೆಟ್ಟಿಗೆ ಇದೆ. ಹಳದಿ ಟೋಪಿಯವರು ಹಾಕುವಂತಿಲ್ಲ. ಬಿಳಿ ಟೋಪಿಯ ಹಯಾಮಿ ಎಂಬ ಹುಡುಗ ಸುಣ್ಣದ ಮೂಟೆಯ ಲೆಕ್ಕಕ್ಕೆ ನಮ್ಮ ಕಡೆ ಬರುತ್ತಿದ್ದ. ಅವನಿಗೆ ಹೇಳಿ ಹಾಕಿಸಿದೆವು. ಮುಂದಿನ ವರ್ಷ ನೋಡೋಣ ಎಂದು ಉತ್ತರ ಬಂತು. ಮುಂದಿನ ವರ್ಷವೂ ಹಾಕಿಸಿದೆವು. ಮುಂದಿನ ವರ್ಷ ನೋಡೋಣ ಎಂದು ಬಂತು. ಮುಂದಿನ ವರ್ಷ ಎಂಬುದು ನಾಯಿಯ ಬಾಲಕ್ಕೆ ಕಟ್ಟಿದ ರೊಟ್ಟಿ. ಹಯಾಮಿಗೆ ಕಾರು ಬಂತು. ಆಮೇಲೆ ಅವನು ಸಲಹೆ ಹಾಕುವುದನ್ನು ಬಿಟ್ಟ.

ಈ ವಸಂತದಲ್ಲಿ ತೊರೆಯ ಬಾಯಲ್ಲಿ ನಾವು ಆಯ್ದು ತಿನ್ನುವ ಚಿಪ್ಪುಮೀನು ಮರುವಾಯಿ ಸತ್ತವು. ಇಳಿತದ ಹೊತ್ತಿಗೆ ಕುಕ್ಕೆ ಹಿಡಿದು ಕೆಸರು ಕೆದಕಲು ಹೋದರೆ ಚಿಪ್ಪೆಲ್ಲ ಬಾಯಿ ತೆರೆದು ಬಿದ್ದಿದ್ದವು. ನಾತ ಗಾಳಿಗೆ ದಿನ್ನೆ ಹತ್ತಿತು. ಊರಿನಲ್ಲಿ ಸಭೆ ಸೇರಿದರು. ಕೆಳಕೇರಿಯ ಬಚ್ಚಲ ನೀರಿನಿಂದ ಹೀಗಾಯಿತು ಎಂದು ತೀರ್ಮಾನ ಮಾಡಿದರು. ತೋಫು ಅಂಗಡಿಯ ಯಜಮಾನಿ ನಮ್ಮೆದುರೇ ಮೆಲ್ಲಗೆ ಹೇಳಿದಳು. "ಪಾಪ, ಅವರನ್ನ ಬೈದು ಏನು ಪ್ರಯೋಜನ. ತಲೆತಲಾಂತರದ ಅಭ್ಯಾಸ."

ನಮ್ಮಮ್ಮನ ಕಾಲದಿಂದ ಕೇಳುತ್ತಿರುವ ಮಾತು ಇದು. ನಾವಲ್ಲ, ನಾವಲ್ಲ ಎಂದು ಹೇಳಿ ಹೇಳಿ ಅವಳ ಬಾಯಿ ಬತ್ತಿತು. ನಾನೂ ಅದನ್ನೇ ಹೇಳುತ್ತ ಬೆಳೆದೆ.

ಅದಾದ ಮೇಲಿನ ಭಾನುವಾರ ನಮ್ಮ ಕಾರ್ಖಾನೆಯವರು ತೊರೆ ಶುಚಿ ಮಾಡಲು ಕೆಳಕೇರಿಗೆ ಬಂದರು. ಹಸಿರು ಜಾಕೀಟು, ಕೈಯಲ್ಲಿ ಉದ್ದ ಚಿಮಟ, ಜೊತೆಗೆ ಫೋಟೋ ತೆಗೆಯುವವನು. ಕೇರಿಯವರೆಲ್ಲ ದಂಡೆಯ ಮೇಲೆ ಸಾಲಾಗಿ ನಿಲ್ಲಬೇಕೆಂದು ಹೇಳಿ ಕಳಿಸಿದ್ದರು. ನಿಂತೆವು. ಒಬ್ಬೊಬ್ಬರಿಗೂ ಒಂದೊಂದು ಸೋಪು ಹಂಚಿದರು. ನನ್ನ ಮುಂದೆ ಬಂದವನು ಹಯಾಮಿ. ಎರಡೂ ಕೈಯಲ್ಲಿ ಸೋಪು ಹಿಡಿದು ಬಗ್ಗಿದ.

"ಅಮ್ಮಾ, ಇದರಲ್ಲಿ ಪಾತ್ರೆ ತೊಳೆದ್ರೆ ತೊರೆ ಕೆಡಲ್ಲ. ಸ್ವಲ್ಪ ಸಹಕಾರ ಕೊಡಿ."

ಅವನು ನನ್ನನ್ನು ಗುರುತಿಸಲಿಲ್ಲ. ಟೋಪಿ, ಕನ್ನಡಕ, ಮುಖಗವಸು ಇಲ್ಲದೆ ಅವನು ನನ್ನನ್ನು ಕಂಡೇ ಇರಲಿಲ್ಲ.

"ಹಯಾಮಿ-ಸಾನ್, ಮೊನ್ನೆ ಬಂದ ಸುಣ್ಣ ಎಲ್ಲ ಗಂಟು ಕಟ್ಟಿದೆ. ಬೇರೆ ಕಳ್ಸಿ" ಅಂದೆ.

ಅವನು ಮುಖ ಎತ್ತಿ ನೋಡಿದ. ನೋಡಿ, ಗುರುತು ಸಿಕ್ಕ ಸಂತೋಷದಲ್ಲಿ ನಕ್ಕುಬಿಟ್ಟ.

"ಓ, ಗುತ್ತಿಗೆ-ಸಾನ್!"

ಫೋಟೋದವನು ಅಷ್ಟು ಹೊತ್ತಿಗೆ ಚಿತ್ರ ತೆಗೆದ. ಅದರಲ್ಲಿ ನಾನು ಸೋಪು ಹಿಡಿದು ನಿಂತಿದ್ದೇನೆ. ಮನೆಗೆ ಬಂದು ಸೋಪನ್ನು ಗೋಡೆಗೆ ಎಸೆದೆ. ಆಮೇಲೆ ಎತ್ತಿಕೊಂಡು ಅದರಲ್ಲೇ ಪಾತ್ರೆ ತೊಳೆದೆ. ಸೋಪು ಸುಮ್ಮನೆ ಬರುತ್ತದೆಯೇ. ಹಾಗೆ ತೊಳೆಯುವಾಗ ನನಗೆ ಅಳು ಬಂತು. ಅತ್ತುಬಿಟ್ಟೆ.

ಆ ಚಿತ್ರ ಎಲ್ಲೆಲ್ಲಿಗೆ ಹೋಯಿತೋ, ತೊರೆ ಉಳಿಸಿದ ಕಾರ್ಖಾನೆ ಎಂದು ನಮ್ಮ ಕಾರ್ಖಾನೆಗೆ ಒಂದು ಫಲಕ ಕೊಡುವ ಮಾತು ಬಂತು. ಅದಕ್ಕೆ ಮೊದಲು ನೋಡಿ ಹೋಗಲು ಒಸಾಕಾದಿಂದ ಅತಿಥಿಗಳು ಬರುತ್ತಾರೆ ಅಂದರು. ಬೆಳಗಿನ ಕೂಗನ್ನು ಅವರೆದುರು ಮಾಡಬೇಕು, ಚೆನ್ನಾಗಿ ಮಾಡಬೇಕು ಎಂದು ವಾರವಿಡೀ ಅಭ್ಯಾಸ ಮಾಡಿಸಿದರು. ತೋಳು ಬಾಗಬಾರದು. ದನಿ ಹೊಟ್ಟೆಯಿಂದ ಬರಬೇಕು.

ಬಾಯ್ಲರಿನ ಹಿಂದೆ ಉಣ್ಣುವಾಗ ಕಿನುಯೆ ಅಕ್ಕ ಅನ್ನದ ಉಂಡೆ ಬಿಚ್ಚಿ, ತಿನ್ನದೆ ಕೈಯಲ್ಲೇ ಹಿಡಿದು ಕೂತಿದ್ದಳು.

"ಅವತ್ತು ನಿನ್ನ ಸರದಿ ಅಲ್ವೇನೇ?"

"ಹೌದಕ್ಕ. ಮಳೆ ಒಂದು ಬರದಿದ್ರೆ ಸಾಕು."

"ನಾನು ಬರ್ಲಿ ಅಂತಲೇ ಬೇಡ್ಕೊಂಡಿದೀನಿ. ಬಂದ್ರೆ ನೀನು ಕೂಗಬೇಡ."

"ಏನಂದೆ?"

"ಯೋಶಿ ಅನ್ನಬೇಡ. ಬೆರಳು ತೋರ್ಸು, ಬಾಯಿ ಮುಚ್ಕೊಂಡು ನಿಲ್ಲು. ಬಯ್ಯೋದೂ ಬೇಡ, ಕಿರುಚೋದೂ ಬೇಡ. ನೀನು ಅನ್ನದೆ ಕುವಾಬಾರಾ ಸ್ವಿಚ್ಚು ಹಾಕಂಗಿಲ್ಲ. ಅತಿಥಿಗಳು ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ತೊಟ್ಟಿ ಮಾತು ಬರುತ್ತೆ."

"ಅಕ್ಕ, ಈ ತಿಂಗಳ ಕೊನೆಗೆ ಗುತ್ತಿಗೆ ಮುಗಿಯುತ್ತೆ. ಮುಂದಿನದಕ್ಕೆ ಮುದ್ರೆ ಹಾಕೋದು ಕಾರ್ಖಾನೆಯವರೇ. ಈ ವಯಸ್ಸಲ್ಲಿ, ನಮ್ಮ ವಿಳಾಸ ಇಟ್ಕೊಂಡು ಇನ್ನೆಲ್ಲಿಗೆ ಹೋಗ್ಲಿ? ಮನೇಲಿ ಅವರು ಮಲಗಿದಾರೆ."

"ಗೊತ್ತು."

"ಗೊತ್ತಿದ್ದೂ ಹೇಳ್ತಿದೀಯ."

"ಹೇಳ್ತಿದೀನಿ. ನನ್ನ ಸರದಿ ಆಗಿದ್ರೆ ನಿನ್ನ ಕೇಳ್ತಿರ್ಲಿಲ್ಲ." ಅವಳು ಅನ್ನದ ಉಂಡೆ ಕಚ್ಚಿದಳು. "ಮಾಡಲ್ಲ ಅಂದ್ರೂ ನಾನೇನು ಮಾತು ಬಿಡಲ್ಲ. ಎಲೆಕೋಸಿನ ಉಪ್ಪಿನಕಾಯಿ ಇದೆ, ತಗೋ."

ನಾನು ಮಾಡುತ್ತೇನೆ ಎಂದು ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಉಪ್ಪಿನಕಾಯಿ ತಿಂದೆ.

ಮಳೆ ಬಂತು. ಹಿಂದಿನ ಸಂಜೆಯೇ ಹಿಡಿದದ್ದು ಬಿಡಲಿಲ್ಲ. ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ಕುವಾಬಾರಾ ಕೊಡೆ ಹಿಡಿದು ತೊಟ್ಟಿಯ ಹತ್ತಿರ ನಿಂತಿದ್ದ. ಒಗೆದ ಅಂಗಿ, ಹೊಸ ಟೈ.

"ಸ್ವಲ್ಪ ನೋಡ್ಕೊಳ್ಳಿ" ಅಂದ. ಆಮೇಲೆ ಎಂದೂ ಹೇಳದಿದ್ದ ಇನ್ನೊಂದು ಮಾತು ಸೇರಿಸಿದ. "ಇವತ್ತೊಂದು ದಿನ ದಯವಿಟ್ಟು."

ಚಕ್ರ ತಿರುಗಿಸಿದೆವು. ನೀರು ಇಳಿಯಿತು. ಮೇಲೆ ರಸ್ತೆಯಲ್ಲಿ ಅತಿಥಿಗಳ ಕಾರು ಬಂದು ನಿಂತದ್ದು ಕೇಳಿಸಿತು.

ಸಾಲು ನಿಂತೆವು. ಬಿಳಿ ಟೋಪಿಗಳೆಲ್ಲ ಮುಂದೆ, ನಾವಿಬ್ಬರು ತುದಿಗೆ. ಎದುರಿಗೆ ಕಾರ್ಖಾನೆಯ ಮುಖ್ಯಸ್ಥ, ಅವನ ಪಕ್ಕ ಅತಿಥಿಗಳು. ಅವರಲ್ಲಿ ತಲೆ ನರೆತ ಒಬ್ಬ ಹೆಂಗಸಿದ್ದಳು. ಕೂಗು ಒಂದೊಂದಾಗಿ ಬಂತು. ಆಮ್ಲದ ಕೋಣೆ, ಯೋಶಿ. ಗಾಳಿಯಂತ್ರ, ಯೋಶಿ. ಪ್ಲೇಟಿಂಗ್ ಸಾಲು, ಯೋಶಿ. ಪ್ರತಿಯೊಂದಕ್ಕೂ ತಗಡಿನ ಮಾಡು ಅದುರುವ ಹಾಗೆ ಮಾರುತ್ತರ. ಅತಿಥಿಗಳ ಮುಖ ಅರಳಿತ್ತು.

ನಾನು ಮುಂದೆ ಬಂದೆ. ತೋಳು ಚಾಚಿದೆ. ಬಲಭುಜ ಉರಿಯಿತು. ಮನಸ್ಸು ಇನ್ನೂ ತೀರ್ಮಾನ ಮಾಡಿರಲಿಲ್ಲ. ಬಾಯಿ ಯಾರನ್ನೂ ಕೇಳದೆ ತಾನೇ ಹೊರಟಿತು.

"ತೂಬು ಮುಚ್ಚಿದೆ..."

ನನ್ನ ಬಾಯಿಯ ಮೇಲೆ ನನಗೇ ಅಸಹ್ಯವಾಯಿತು. ಕಚ್ಚಿ ಹಿಡಿದೆ. ಮುಂದಿನ ಮಾತು ಬರಲಿಲ್ಲ. ಬರಲು ನಾನು ಬಿಡಲಿಲ್ಲ. ಕಡೆಗೂ ಬಿಡಲಿಲ್ಲ ಎಂದು ನಾನು ಅಂದುಕೊಳ್ಳುವಷ್ಟರಲ್ಲೇ ಇಡೀ ಸಾಲು ಒಂದೇ ಗಂಟಲಲ್ಲಿ ಕೂಗಿತು.

"ಯೋಶಿ!"

ಅತಿಥಿಗಳು ಚಪ್ಪಾಳೆ ತಟ್ಟಿದರು.

ನಾನು ಹೇಳದಿದ್ದದ್ದು ಯಾರಿಗೂ ಕೇಳಿಸಲೇ ಇಲ್ಲ. ಇಷ್ಟು ವರ್ಷ ನಾನು ಹೇಳಿದ್ದೂ ಅವರಿಗೆ ಕೇಳಿಸಿರಲಿಲ್ಲ ಎಂದಾಯಿತು. ನಾನು ಉಸಿರು ಬಿಟ್ಟ ಕಡೆ ಅವರು ಬಾಯಿ ಬಿಡುತ್ತಿದ್ದರು, ಅಷ್ಟೆ. ಕುವಾಬಾರಾನ ಕೈ ಸ್ವಿಚ್ಚಿನ ಕಡೆ ಹೋಯಿತು. ನಾಚಿಕೆಯಿಂದ ಹೇಳುತ್ತೇನೆ, ಒಂದು ಗಳಿಗೆ ಸಮಾಧಾನವೂ ಆಯಿತು. ಕೆಲಸ ಉಳಿಯಿತಲ್ಲ ಎಂದು.

"ಅವಳು ಹೇಳ್ಲಿಲ್ಲ."

ಕಿನುಯೆ ಅಕ್ಕನ ದನಿ. ತೂತು ಬಿದ್ದ ಮೂಗಿನ ದನಿ, ಗಾಳಿ ಸೇರಿದ ದನಿ. ಎಲ್ಲರೂ ತಿರುಗಿದರು.

"ಅವಳು ಯೋಶಿ ಅನ್ಲಿಲ್ಲ. ನೀವಾಗಿ ನೀವೇ ಕೂಗಿದ್ರಿ. ಏನು ನೋಡಿ ಕೂಗಿದ್ರಿ?"

ತಗಡಿನ ಮೇಲೆ ಮಳೆ ಬೀಳುತ್ತಿತ್ತು. ನನ್ನ ತೋಳು ಇನ್ನೂ ಚಾಚಿಯೇ ಇತ್ತು. ಕೆಳಗಿಳಿಸುವುದು ಮರೆತಿದ್ದೆ.

"ಶಿಗೆನೊ, ಹೇಳು" ಅಂದಳು ಅಕ್ಕ.

"ತೂಬು ತೆರೆದಿದೆ" ಅಂದೆ. ಅಭ್ಯಾಸ ಮಾಡಿಸಿದ ಹಾಗೆ ಹೊಟ್ಟೆಯಿಂದ ಬರಲಿಲ್ಲ. ಗಂಟಲಿನಿಂದ ಬಂತು. "ಕ್ರೋಮಿಯಂ ನೀರು ತೊರೆಗೆ ಹೋಗ್ತಿದೆ. ನಾವೇ ತೆಗೆದ್ವಿ, ತೆಗೀಬೇಕಾಯ್ತು. ಮಳೆ ಬಂದಾಗೆಲ್ಲ ಹೀಗೇ."

ಮುಖ್ಯಸ್ಥ ನಕ್ಕ. ಅತಿಥಿಗಳ ಕಡೆ ತಿರುಗಿ, ಗುತ್ತಿಗೆಯವರಿಗೆ ತರಬೇತಿ ಸಾಲದು, ಕ್ಷಮಿಸಬೇಕು ಎಂದು ಬಗ್ಗಿದ. ತಲೆ ನರೆತ ಹೆಂಗಸು, ನೋಡಬಹುದಾ ಎಂದು ಕೇಳಿದಳು. ಹಿಂದೆ ಜಾರುತ್ತೆ, ಈ ಮಳೆಯಲ್ಲಿ ಬೇಡ, ನಮ್ಮವರು ನೋಡಿ ಬರ್ತಾರೆ ಅಂದ. ಸಾಲಿನಲ್ಲಿ ಎದುರಿಗೆ ಸಿಕ್ಕವನು ಹಯಾಮಿ. ಅವನನ್ನು ಕಳಿಸಿದರು.

ಹಯಾಮಿ ಓಡಿದ. ನಾವೆಲ್ಲ ಕಾದೆವು. ತೊಟ್ಟಿಯ ಹತ್ತಿರ ಹೋದರೆ ಸಾಕು, ಕುರುಡನಿಗೂ ಸದ್ದಿನಿಂದಲೇ ತಿಳಿಯುತ್ತದೆ. ಅವನು ತೊಯ್ದು ತೊಪ್ಪೆಯಾಗಿ ಬಂದು ನಿಂತ. ಮುಖ್ಯಸ್ಥನ ಬೂಟು ನೋಡಿದ. ನನ್ನ ಕಡೆ ನೋಡಲಿಲ್ಲ.

"ಮಳೆ ಜೋರು. ಸರಿಯಾಗಿ ಕಾಣ್ಸಲಿಲ್ಲ."

"ಸರಿ, ಹಾಗಾದ್ರೆ ಒಳಗೆ ಚಹಾ ಕುಡಿಯೋಣ" ಅಂದ ಮುಖ್ಯಸ್ಥ. ನರೆತ ತಲೆಯ ಹೆಂಗಸು ಎರಡು ಸಲ ಹಿಂದೆ ತಿರುಗಿ ನೋಡಿದಳು, ಆದರೆ ಹೋದಳು. ಕುವಾಬಾರಾ ಸ್ವಿಚ್ಚು ಹಾಕಿದ. ಯಂತ್ರಗಳು ಎದ್ದವು. ಬಿಳಿ ಟೋಪಿಗಳು ಚದುರಿದವು. ಯಾರೂ ನಮ್ಮನ್ನು ಬಯ್ಯಲಿಲ್ಲ. ಕಂಬದ ಪಕ್ಕ ಹಾದು ಹೋಗುವ ಹಾಗೆ ಪಕ್ಕದಲ್ಲಿ ಹಾದು ಹೋದರು.

"ಮುಗೀತು" ಅಂದೆ. "ಕೆಲಸವೂ ಹೋಯ್ತು, ತೊಟ್ಟಿಯೂ ಬರ್ಲಿಲ್ಲ."

"ಹೋದ ಮೇಲೆ ಇನ್ನೇನು ಭಯ. ಬಾ" ಅಂದಳು ಕಿನುಯೆ ಅಕ್ಕ.

ತೂಬಿನ ಚಕ್ರ ತೆಗೆಯುವಾಗ ಹಗುರ, ಮುಚ್ಚುವಾಗ ಭಾರ. ನೀರು ಹಲಗೆಯನ್ನು ಒತ್ತಿ ಹಿಡಿದಿರುತ್ತದೆ. ಇಬ್ಬರೂ ಎದುರೆದುರು ನಿಂತು ಹಿಡಿದೆವು. ಗ್ಲೌಸ್ ಜಾರುತ್ತಿತ್ತು, ಬಿಚ್ಚಿ ಎಸೆದೆವು. ಕಬ್ಬಿಣ ಅಂಗೈಯ ಹುಣ್ಣುಗಳ ಬಾಯಿ ಬಿಡಿಸಿತು. ಅಕ್ಕ ಎಳೆದಾಗ ನಾನು ತಳ್ಳಿದೆ. ನಾನು ಎಳೆದಾಗ ಅವಳು ತಳ್ಳಿದಳು. ಭುಜದಲ್ಲಿ ಏನೋ ಕಡಿದ ಹಾಗಾಯಿತು. ಬಿಡಲಿಲ್ಲ. ಹಲಗೆ ತಳ ಮುಟ್ಟಿತು. ತೊರೆಯ ಕಡೆಯ ಸದ್ದು ನಿಂತಿತು. ನಾವು ಚಕ್ರದ ಮೇಲೆ ಮೈ ಹಾಕಿ ಕೂತೆವು.

ತೊಟ್ಟಿ ತುಂಬಿತು. ನೀರು ಮೋರಿಯಲ್ಲಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಕೂಗಾಟ ಕೇಳಿಸಿತು. ಕುವಾಬಾರಾ ಓಡಿ ಬಂದ. ಕೊಡೆ ಇರಲಿಲ್ಲ.

"ನೀರು ಪ್ಲೇಟಿಂಗ್ ಸಾಲಿಗೆ ಬಂದಿದೆ! ಅತಿಥಿಗಳ ಶೂಗೆ ಬಂದಿದೆ! ತೆಗೀರಿ!"

"ಏನು ತೆಗೀಬೇಕು?" ಅಂದಳು ಕಿನುಯೆ ಅಕ್ಕ. "ಬಾಯಿ ಬಿಟ್ಟು ಹೇಳಿ, ಕುವಾಬಾರಾ-ಸಾನ್. ಇಷ್ಟು ವರ್ಷ ಹೇಳಿಲ್ಲ. ಒಂದು ಸಲ ಹೇಳಿ."

"ತೂಬು. ತೂಬು ತೆಗೀರಿ."

"ಎಲ್ಲಿಗೆ ಬಿಡೋಕೆ?"

ಮಳೆಯಲ್ಲಿ ಅವನ ಹೊಸ ಟೈ ಎದೆಗೆ ಅಂಟಿತ್ತು.

"ಕೆಲಸ ಹೋಗುತ್ತೆ" ಅಂದ. ಬೆದರಿಕೆಯಲ್ಲ, ನಿಜವಾಗಿ ಕನಿಕರದಿಂದಲೇ ಅಂದ.

"ಹೋಗ್ಲಿ. ನೀರು ಹೋಗಲ್ಲ."

"ಯಂತ್ರ ನಿಲ್ಸಿ" ಅಂದೆ ನಾನು. "ಯಂತ್ರ ನಿಂತ್ರೆ ತೊಳೆಯೋ ನೀರು ನಿಲ್ಲುತ್ತೆ. ಆಮೇಲೆ ಮಳೆ ನೀರು ಒಂದೇ. ಪಂಪು ಹಚ್ಚಿ ಅಂಗಳಕ್ಕೆ ಎತ್ತಿ. ನಿಮ್ಮ ಕಾರುಗಳ ನಡುವೆ ನಿಲ್ಲುತ್ತೆ, ನಿಲ್ಲಲಿ."

ಅವನು ಹೋಗಿ ಹಯಾಮಿಯನ್ನೂ ಇನ್ನಿಬ್ಬರನ್ನೂ ಕಳಿಸಿದ. ನಮ್ಮನ್ನು ಎತ್ತಿ ಪಕ್ಕಕ್ಕಿಟ್ಟು ಚಕ್ರ ತಿರುಗಿಸಲು. ಇನ್ನಿಬ್ಬರು ದೂರವೇ ನಿಂತರು. ನಮ್ಮನ್ನು ಮುಟ್ಟಬೇಕಲ್ಲ. ಹಯಾಮಿ ಹತ್ತಿರ ಬಂದ. ಮೊಳಕಾಲವರೆಗೂ ಪ್ಯಾಂಟು ಹಳದಿಯಾಗಿತ್ತು. "ಕ್ಷಮಿಸಿ, ಏಳಿ" ಎಂದು ನನ್ನ ತೋಳಿಗೆ ಕೈ ಹಾಕಿದ. ನೋವಿನ ತೋಳು. ನಾನು ಅವನ ಪ್ಯಾಂಟು ತೋರಿಸಿದೆ.

"ಹಯಾಮಿ-ಸಾನ್, ಈಗ ಕಾಣ್ಸುತ್ತಾ?"

ಅವನು ಬಗ್ಗಿ ನೋಡಿಕೊಂಡ. ಕೈ ತೆಗೆದ. ಅವನಿಗೆ ನನ್ನ ಮಗನ ವಯಸ್ಸು. ನನಗೆ ಮಗ ಇದ್ದಿದ್ದರೆ. ಅವನು ತಿರುಗಿ ಓಡಿದ. ತುಸು ಹೊತ್ತಿಗೆ ಯಂತ್ರಗಳ ಸದ್ದು ನಿಂತಿತು. ಅವನೇ ನಿಲ್ಲಿಸಿದನೋ, ನೀರಿಗೆ ಹೆದರಿ ಇನ್ಯಾರಾದರೂ ನಿಲ್ಲಿಸಿದರೋ, ನಾನು ಕೇಳಲು ಹೋಗಿಲ್ಲ. ನಾವು ಸಂಜೆ ಮಳೆ ಬಿಡುವವರೆಗೂ ಚಕ್ರದ ಮೇಲೆಯೇ ಕೂತಿದ್ದೆವು. ಹಸಿವಾಯಿತು, ಉಚ್ಚೆ ಬಂತು, ಚಳಿ ಹಿಡಿಯಿತು. ಗೆದ್ದೆ ಅನಿಸಲಿಲ್ಲ. ಮನೆಗೆ ಹೋಗಿ ಮಲಗಿದರೆ ಸಾಕು ಅನಿಸುತ್ತಿತ್ತು.

ಮಾರನೆಯ ದಿನದಿಂದ ಬರಬೇಡಿ ಎಂದು ಗುತ್ತಿಗೆದಾರ ಹೇಳಿದ. ಟೋಪಿ ವಾಪಸು ಕೊಡಬೇಕು ಅಂದ, ಕೊಟ್ಟೆವು. ಫಲಕ ಬೇರೆ ಯಾರಿಗೋ ಹೋಯಿತಂತೆ. ನರೆತ ತಲೆಯ ಹೆಂಗಸು ಒಸಾಕಾಕ್ಕೆ ಹೋಗಿ ಏನು ಹೇಳಿದಳೋ, ಮಳೆಗಾಲದ ಬೆನ್ನಿಗೇ ಬರುವ ನಮ್ಮ ಬೇಸಿಗೆ ಕಳೆಯುವಷ್ಟರಲ್ಲಿ ಅಂಗಳ ಅಗೆಯಲು ಶುರು ಮಾಡಿದರು. ತೊಟ್ಟಿ ಬರುತ್ತಿದೆ. ಬಿಳಿ ಟೋಪಿಯವರು ಈಗ ಕಾರನ್ನು ದೂರದ ಗದ್ದೆಯಲ್ಲಿ ನಿಲ್ಲಿಸಿ ಕೆಸರಲ್ಲಿ ನಡೆದು ಬರುತ್ತಾರೆ. ನಮ್ಮನ್ನು ಶಪಿಸುತ್ತಾರೆ. ನಮ್ಮ ಜಾಗಕ್ಕೆ ಬೇರೆ ಊರಿನ ಹೆಂಗಸರು ಬಂದಿದ್ದಾರೆ. ಕೆಳಕೇರಿಯಿಂದ ಇನ್ನು ಯಾರನ್ನೂ ತೆಗೆದುಕೊಳ್ಳುವುದಿಲ್ಲವಂತೆ. ಇದಕ್ಕೆ ಕೇರಿಯಲ್ಲೂ ನಮ್ಮನ್ನು ಬೈದವರಿದ್ದಾರೆ. ಅವರ ಬೈಗುಳ ನ್ಯಾಯವೇ. ಕಿನುಯೆ ಅಕ್ಕ ಸಾರ್ವಜನಿಕ ಸ್ನಾನದ ಮನೆಯ ನೆಲ ಉಜ್ಜುತ್ತಾಳೆ. ನನಗೆ ಇನ್ನೂ ಏನೂ ಸಿಕ್ಕಿಲ್ಲ. ಎರಡು ಕಡೆ ಹೋಗಿದ್ದೆ. ಎರಡು ಕಡೆಯೂ ಬಹಳ ಮರ್ಯಾದೆಯಿಂದ ಮಾತಾಡಿಸಿ ಕಳಿಸಿದರು.

ಮೊನ್ನೆ ಅಕ್ಕನೂ ನಾನೂ ತೋಫು ತರಲು ದಿನ್ನೆ ಹತ್ತಿದೆವು. ಅಂಗಡಿಯಲ್ಲಿ ಊರಿನ ಹೆಂಗಸರು ನಾಲ್ಕೈದು ಜನ ಇದ್ದರು. ನಾವು ಬಂದ ಕೂಡಲೇ ಮಾತು ನಿಂತಿತು. ಯಜಮಾನಿ ತೊಟ್ಟಿಯ ತಣ್ಣೀರಿನಲ್ಲಿ ಕೈ ಮುಳುಗಿಸಿ ತೋಫು ಕತ್ತರಿಸುತ್ತಿದ್ದಳು. ಕತ್ತರಿಸುತ್ತಲೇ, ತುಂಬ ಮೆತ್ತಗೆ ಕೇಳಿದಳು.

"ಯಾರೋ ಹೇಳ್ತಿದ್ರಪ್ಪ, ನಾನಂತೂ ನಂಬ್ಲಿಲ್ಲ. ಕೆಳಕೇರಿಯವರು ಆ ಕಾರ್ಖಾನೆ ತುಂಬ ಕೊಳಕು ನೀರು ನುಗ್ಗಿಸಿದ್ರಂತೆ. ಹೌದಾ?"

ಎಲ್ಲರೂ ನನ್ನ ಕಡೆ ನೋಡಿದರು. ನಾವಲ್ಲ ಎಂಬ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ನಮ್ಮಮ್ಮ ಹೇಳಿದ್ದು, ಅವಳಮ್ಮ ಹೇಳಿದ್ದು.

"ಹೌದು" ಅಂದೆ. "ಅದು ನಾವೇ. ನಾನೂ ಇವಳೂ."

ಯಜಮಾನಿಯ ಕೈ ನೀರಿನಲ್ಲೇ ನಿಂತಿತು.

"ಗಟ್ಟಿ ತೋಫು ಎರಡು ಕೊಡಿ" ಎಂದು ಕಿನುಯೆ ಅಕ್ಕ ಪಾತ್ರೆ ಮುಂದೆ ಚಾಚಿದಳು.